ಮನೆಯಲ್ಲೇ ಹೊಲಿದ ಒಂದು ಪುಸ್ತಕ, ಅದರಲ್ಲಿ ಕಾಣೆಯಾದ 14ನೇ ಕಂತು: ನಿಮ್ಮ ಪುಸ್ತಕ ಬೇಟೆಯ ಕಥೆಯನ್ನೂ ಹೇಳಿ

ಅವೆನ್ಯೂ ಅಲೆಮಾರಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಗಳಿಗೆ ಪಿಯುಸಿ ಗಣಿತದ ಗೈಡ್ ಹುಡುಕಿಕೊಂಡು ಅವೆನ್ಯೂ ರಸ್ತೆಗೆ ಹೋಗಿದ್ದೆ. ಗೈಡ್ ಸಿಗಲಿಲ್ಲ. ವಾಪಸ್ ಬರುವಾಗ ಕೈಯಲ್ಲಿ ಏನಿತ್ತು ಅಂತ ಹೇಳಲಿಕ್ಕೇ ಈ ಪೋಸ್ಟ್. ಮಗಳು ಎರಡು ದಿನ ಮಾತು ಬಿಟ್ಟಿದ್ದಳು, ಅದು ಬೇರೆ ವಿಷಯ.

ಭಾನುವಾರ ಅಲ್ಲಿ ಎಷ್ಟೋ ಅಂಗಡಿಗಳು ಷಟರ್ ಎಳೆದಿರುತ್ತವೆ. ಆ ಷಟರ್‌ಗಳ ಮುಂದೆಯೇ ಟಾರ್ಪಾಲು ಹಾಸಿ ಹಳೇ ಪುಸ್ತಕ ಗುಡ್ಡೆ ಹಾಕುತ್ತಾರೆ. ಕುಕ್ಕರಗಾಲಲ್ಲಿ ಕೂತು ಎಂಜಿನಿಯರಿಂಗ್ ಪುಸ್ತಕಗಳ ಅಡಿಗೆ ಕೈ ಹಾಕಿದೆ. ಬಟ್ಟೆ ತಗುಲಿತು. ಎಳೆದರೆ ಒಂದು ದಪ್ಪ ಪುಸ್ತಕ. ಬೆನ್ನಿನ ಮೇಲೆ ಹೆಸರಿಲ್ಲ. ರಟ್ಟಿಗೆ ಹಳೆಯ ಸೀರೆಯ ತುಂಡು ಅಂಟಿಸಿದ್ದಾರೆ, ನೀಲಿ ಬಣ್ಣ, ಸಣ್ಣ ಸಣ್ಣ ಬಿಳಿ ಹೂವು. ಒಳಗೆ ‘ಸುಧಾ’ದ ಒಂದು ಧಾರಾವಾಹಿ, 1976ರದ್ದು. ವಾರ ವಾರ ಪುಟ ಕತ್ತರಿಸಿಟ್ಟು, ಕೊನೆಗೆ ದಪ್ಪ ದಾರದಲ್ಲಿ ಹೊಲಿದಿದ್ದಾರೆ. ಅಂಚು ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ. ಯಾವ ಪ್ರೆಸ್ಸಿನಲ್ಲೂ ಆದದ್ದಲ್ಲ.

ನಮ್ಮ ಅಮ್ಮನ ಕಾಲದಲ್ಲಿ ಇದು ಮನೆಮನೆಯಲ್ಲೂ ಇತ್ತು. ಪುಸ್ತಕ ಕೊಳ್ಳಲು ದುಡ್ಡಿಲ್ಲ, ಪತ್ರಿಕೆ ಹೇಗೂ ಬರುತ್ತದೆ. ಒಂದು ರೀತಿಯಲ್ಲಿ ಪ್ರಪಂಚದಲ್ಲೇ ಒಂದೇ ಪ್ರತಿ. ನಾನು ಹುಡುಕುವುದೇ ಇಂಥವನ್ನು. ಮನೆಯಲ್ಲಿ ಈಗ 31 ಇವೆ.

ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿದ. “ಇದು ಬುಕ್ಕಲ್ಲ ಸಾರ್, ಯಾರೋ ಹೊಲಿದಿದ್ದು. 20 ರೂಪಾಯಿ ಕೊಡಿ” ಅಂದ. ನಾನು ಚೌಕಾಸಿ ಮಾಡಲಿಲ್ಲ. ಮಾಡದಿದ್ದರೆ ಅನುಮಾನ ಬರುತ್ತದೆ ಅಂತ ಆಮೇಲೆ ಹೊಳೆಯಿತು.

ಮನೆಗೆ ಬಂದು ಎಣಿಸಿದರೆ ಎರಡು ಕಂತು ಇಲ್ಲ, 14 ಮತ್ತು 19. ಆದರೆ 13 ಮುಗಿದ ಮೇಲೆ ನಾಲ್ಕು ಖಾಲಿ ಹಾಳೆ ಸೇರಿಸಿ ಹೊಲಿದಿದ್ದಾರೆ. ಶಾಲೆ ನೋಟ್ ಪುಸ್ತಕದ ಗೆರೆ ಹಾಳೆ. ಮೊದಲ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಹೀಗೆ ಬರೆದಿದೆ:

“14 – ಪಕ್ಕದ ಮನೆಯವರು ಕೊಡಬೇಕು.”

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾರಲ್ಲಾದರೂ 1976ರ ಮಳೆಗಾಲದ ‘ಸುಧಾ’ ಇದ್ದರೆ ದಯವಿಟ್ಟು ತಿಳಿಸಿ. ಕಾದಂಬರಿಯ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೆ ನಿಮ್ಮಲ್ಲೇ ಕೆಲವರು ನನಗಿಂತ ಮೊದಲು ಹೋಗಿ ಎತ್ತಿಕೊಂಡು ಬರುತ್ತೀರಿ. ಖಾಸಗಿ ಸಂದೇಶದಲ್ಲಿ ಹೇಳುತ್ತೇನೆ.

ಗೆದ್ದಲುಹುಳ (ಮೈಸೂರು)

ಹೆಸರು ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು ಸರ್. ನಾನು ಆಗಲೇ ಶೂ ಹಾಕಿಕೊಂಡಿದ್ದೆ.

ಪಿಡಿಎಫ್ ಪ್ರಿಯ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ಆ ಕಾದಂಬರಿ ಪುಸ್ತಕವಾಗಿ ಬಂದಿರಲೇಬೇಕಲ್ಲ? ಅದನ್ನು ಕೊಂಡು ಓದಿದರೆ ಮುಗಿಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕ ಪುಕ್ಕಟೆ ಇವೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳೇ ಎಷ್ಟೊಂದು ಅಲ್ಲಿವೆ. ಬಿಸಿಲಲ್ಲಿ ಕೂತು ಧೂಳು ಕುಡಿಯುವುದರಲ್ಲಿ ಏನು ಸುಖ?

ಅವೆನ್ಯೂ ಅಲೆಮಾರಿ

ಪುಸ್ತಕವಾಗಿ ಬಂದಿದೆ, ನನ್ನ ಹತ್ತಿರವೂ ಇದೆ. ಕಥೆ ಬಾಯಿಪಾಠ. ಆದರೆ ಪುಸ್ತಕದಲ್ಲಿ ಧಾರಾವಾಹಿಯ ಚಿತ್ರಗಳಿಲ್ಲ. “ಮುಂದಿನ ವಾರಕ್ಕೆ” ಇಲ್ಲ. ಏಳನೇ ಕಂತಿನ ಹಿಂದೆ ಅರ್ಧ ಪದಬಂಧ ಇದೆ, ಅದನ್ನು ಯಾರೋ ತಪ್ಪು ತುಂಬಿ ಗೀಚಿ ಹಾಕಿದ್ದಾರೆ. ಹತ್ತನೆಯದರ ಹಿಂದೆ ಹೊಲಿಗೆ ಯಂತ್ರದ ಜಾಹೀರಾತು, ಬೆಲೆಯ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ. ಕೊಂಡರೋ ಇಲ್ಲವೋ. ಇದು ಯಾವ ಪಿಡಿಎಫ್‌ನಲ್ಲಿ ಸಿಗುತ್ತದೆ ಹೇಳಿ.

ಪಿಡಿಎಫ್ ಬೇಡ ಅನ್ನುತ್ತಿಲ್ಲ. ಯಾವ ಪುಸ್ತಕದಲ್ಲಿ ಎಷ್ಟು ಪುಟ ಇರಬೇಕು, ನನ್ನ ಪ್ರತಿಯಲ್ಲಿ ಯಾವುದು ಹರಿದುಹೋಗಿದೆ ಅಂತ ನೋಡಲು ನಾನೂ ಅದನ್ನೇ ತೆರೆಯುತ್ತೇನೆ. ಓದಲಿಕ್ಕೂ ಸರಿ. ಆದರೆ ಹುಡುಕುವ ಡಬ್ಬಿಯಲ್ಲಿ ಹೆಸರು ಟೈಪ್ ಮಾಡಿದರೆ ಆ ಹೆಸರಿನದ್ದೇ ಬರುತ್ತದೆ. ಹೆಸರೇ ಇಲ್ಲದ ಪುಸ್ತಕಕ್ಕೆ ಏನಂತ ಟೈಪ್ ಮಾಡಲಿ?

ರದ್ದಿ ರಾಯರು (ಹುಬ್ಬಳ್ಳಿ)

ಅಲೆಮಾರಿಯವರೇ, ಭಾಳ ಛಲೋ ಬರೆದೀರಿ. ನಮ್ಮ ಕಡೆ ಈ ಕೆಲಸ ‘ಕಸ್ತೂರಿ’ಗೆ ಆಗುತ್ತಿತ್ತು. 1956ರಲ್ಲಿ ನಮ್ಮ ಹುಬ್ಬಳ್ಳಿಯಿಂದಲೇ ಶುರುವಾದ ಮಾಸಿಕ. ಪ್ರತಿ ಸಂಚಿಕೆಯ ಕೊನೆಗೆ ‘ಪುಸ್ತಕ ವಿಭಾಗ’ ಅಂತ ಒಂದು ಇಡೀ ಪುಸ್ತಕವನ್ನು ಇಳಿಸಿ ಕೊಡುತ್ತಿದ್ದರು. ನಮ್ಮ ಅಜ್ಜ ಅದನ್ನಷ್ಟೇ ಕಿತ್ತು, ವರ್ಷಕ್ಕೆ 12 ಸೇರಿಸಿ ಬೈಂಡ್ ಮಾಡಿಸುತ್ತಿದ್ದರು. ಉಳಿದ ಭಾಗ ಅಜ್ಜಿಗೆ. ಅಜ್ಜಿ ಅದರಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಈಗ ನಾನು ಹುಡುಕುವುದು ಆ ಹಪ್ಪಳದ ಭಾಗ!

ರದ್ದಿ ಅಂಗಡಿಯಲ್ಲಿ ಹುಡುಕಬೇಕು ಅಂದರೆ ವೇಳೆ ಗೊತ್ತಿರಬೇಕು ನೋಡ್ರಿ. ಯುಗಾದಿಗೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುತ್ತಾರಲ್ಲ, ಆ ವಾರ ದಿನಾ ಹೋಗಬೇಕು. ಮೇ, ಜೂನ್ ವರ್ಗಾವಣೆ ಸೀಸನ್. ಬ್ಯಾಂಕಿನವರು ಮನೆ ಖಾಲಿ ಮಾಡುವಾಗ ಮೊದಲು ಹೊರಗೆ ಬರುವುದೇ ಪುಸ್ತಕ. ಮತ್ತೆ ತಕ್ಕಡಿಗೆ ಏರುವ ಮೊದಲು ನೋಡಬೇಕು. ತೂಕ ಆಗಿ ಒಳಗೆ ಹೋದ ಮೇಲೆ ಲಾರಿ ಬಂದು ಪೇಪರ್ ಮಿಲ್ಲಿಗೆ ಎತ್ತಿಕೊಂಡು ಹೋಗುತ್ತದೆ. ಒಮ್ಮೆ ಒಂದು ದಿನ ತಡವಾಗಿ ಹೋದೆ. ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಾಶನದ ಹಳೆಯ ಪುಸ್ತಕಗಳದ್ದು ಪೂರಾ ಒಂದು ಗೋಣಿಚೀಲ ಹೋಗಿಬಿಟ್ಟಿತ್ತು. ಕೆಳಗೆ ಬಿದ್ದಿದ್ದ ಒಂದು ಮುಖಪುಟ ಮಾತ್ರ ಸಿಕ್ಕಿತು. ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೇನೆ.

ಗ್ರಂಥಮಾಲೆ ಶುರುವಾಗಿದ್ದು 1933ರಲ್ಲಿ. ಧಾರವಾಡಕ್ಕೆ ಬಂದವರು ಸುಭಾಸ ರೋಡಿನಲ್ಲಿರುವ ಗ್ರಂಥಮಾಲೆಯ ಅಟ್ಟ ಹತ್ತದೆ ಹೋಗಬ್ಯಾಡ್ರಿ. ಅದು ಅಂಗಡಿಯೂ ಹೌದು, ಹರಟೆ ಕಟ್ಟೆಯೂ ಹೌದು.

1976ರ ‘ಸುಧಾ’ ವಿಷಯ: ಗದಗದಲ್ಲಿ ನಮ್ಮ ಅತ್ತೆಯ ಮನೆ ಮಾಳಿಗೆಯ ಮೇಲೆ ಎರಡು ಟ್ರಂಕು ಇವೆ. ಒಳಗೆ ಏನಿದೆ ಗೊತ್ತಿಲ್ಲ. ಕೀಲಿ ಕಳೆದು ವರ್ಷಗಳಾದವು. ಹೋದಾಗ ನೋಡುತ್ತೇನೆ.

ಗೆದ್ದಲುಹುಳ

ಕೀಲಿ ಕಳೆದ ಟ್ರಂಕು! ರಾಯರೇ, ನೀವು ಇವತ್ತೇ ಹೊರಡಿ.

ಕುಡ್ಲದ ಕಾಗದ (ಮಂಗಳೂರು)

ನನ್ನದೊಂದು ಕೇಳಿ ಮಾರಾಯ್ರೆ. ಕಿಟ್ಟೆಲ್ ನಿಘಂಟು ನಿಮಗೆಲ್ಲ ಗೊತ್ತಲ್ಲ, ನಮ್ಮ ಊರಲ್ಲೇ 1894ರಲ್ಲಿ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ್ದು. ಆ ಮೂಲ ಪ್ರತಿಯ ಆಸೆ ನನಗಿಲ್ಲ, ಅಷ್ಟು ದುಡ್ಡೂ ಇಲ್ಲ. ಅದನ್ನೇ ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸು ವಿಶ್ವವಿದ್ಯಾಲಯದವರು ನಾಲ್ಕು ಸಂಪುಟಗಳಲ್ಲಿ ತಂದಿದ್ದರು. ಅದರ ಮೂರನೇ ಸಂಪುಟ ಒಂದು ಗುಜರಿಯಲ್ಲಿ ನನಗೆ ಸಿಕ್ಕಿತು. ಆಗ ಹಿಡಿದ ಹುಚ್ಚು ಇದು. ಎರಡನೆಯದು ಪುತ್ತೂರಿನಲ್ಲಿ ಒಬ್ಬ ಮೇಷ್ಟ್ರ ಮನೆಯಲ್ಲಿ, ನಾಲ್ಕನೆಯದು ಕಾಸರಗೋಡಿನಲ್ಲಿ. ಒಂದನೆಯದು ಮಾತ್ರ ಇಲ್ಲ.

ಹನ್ನೊಂದು ವರ್ಷದ ಮೇಲೆ ಗೊತ್ತಾಯಿತು, ಉಡುಪಿಯಲ್ಲಿ ಒಬ್ಬರ ಹತ್ತಿರ 1, 2 ಮತ್ತು 4 ಇವೆ, ಅವರು ಮೂರನೆಯದಕ್ಕೆ ಹುಡುಕುತ್ತಿದ್ದಾರೆ ಅಂತ. ಓಡಿದೆ. ಅವರು ಚಹಾ ಕೊಟ್ಟರು, ಗೋಳಿಬಜೆ ಕೊಟ್ಟರು. ಪುಸ್ತಕ ಕೊಡಲಿಲ್ಲ. ನನ್ನದನ್ನು ಕೇಳಿದರು. ನಾನೂ ಕೊಡಲಿಲ್ಲ. ಒಬ್ಬರು ಸೋತರೆ ಇನ್ನೊಬ್ಬರದ್ದು ಪೂರ್ತಿಯಾಗುತ್ತದೆ, ಆದರೆ ಸೋಲುವುದು ಯಾರು?

ಈಗ ಒಂದು ಒಪ್ಪಂದ ಆಗಿದೆ. ವರ್ಷಕ್ಕೆ ಒಮ್ಮೆ ಅವರ ಒಂದನೆಯದು ಹದಿನೈದು ದಿನ ನನ್ನ ಮನೆಗೆ ಬರುತ್ತದೆ. ಆಮೇಲೆ ನನ್ನ ಮೂರನೆಯದು ಹದಿನೈದು ದಿನ ಅವರ ಮನೆಗೆ ಹೋಗುತ್ತದೆ. ಆ ದಿನಗಳಲ್ಲಿ ಕಪಾಟಿನ ಮುಂದೆ ಸುಮ್ನೆ ನಿಂತು ನೋಡುತ್ತೇನೆ. ಹೆಂಡತಿ ಕೇಳುತ್ತಾಳೆ, ನಿಘಂಟಿನಲ್ಲಿ ಯಾವತ್ತಾದರೂ ಒಂದು ಶಬ್ದ ನೋಡಿದ್ದುಂಟಾ ಅಂತ.

ಸೊಸೆಮುದ್ದು (ತುಮಕೂರು)

ಹೆಂಡತಿಯರ ಪರವಾಗಿ ಒಂದು ಮಾತು. ನಮ್ಮ ಮನೆಯಲ್ಲಿ ಬೇಟೆಗಾರ್ತಿ ನಾನೇ, ದೂರುವುದು ಯಜಮಾನರು.

ನಾನು ಹುಡುಕುವುದು ಕನ್ನಡದ ಸೋವಿಯತ್ ಮಕ್ಕಳ ಪುಸ್ತಕ. ಪ್ರಗತಿ, ರಾದುಗ ಪ್ರಕಾಶನದವು. ಮಾಸ್ಕೋದಲ್ಲಿ ಅಚ್ಚಾಗಿ ಇಲ್ಲಿಗೆ ಬರುತ್ತಿದ್ದವು, ನವಕರ್ನಾಟಕದ ಅಂಗಡಿಯಲ್ಲಿ ಸಿಗುತ್ತಿದ್ದವು. ಆ ದಪ್ಪ ಕಾಗದ, ಬಣ್ಣದ ಚಿತ್ರ, ಹಿಮದಲ್ಲಿ ಕರಡಿ. ನಮ್ಮ ತುಮಕೂರಿನ ಬಿಸಿಲಿನಲ್ಲಿ ಕೂತು ಹಿಮ ನೋಡುತ್ತಿದ್ದೆವು. 1991ರಲ್ಲಿ ಆ ದೇಶವೇ ಒಡೆಯಿತು, ಪುಸ್ತಕವೂ ನಿಂತಿತು. ಅಲ್ಲಿಗೆ ಇನ್ನು ಹೊಸದು ಬರುವುದಿಲ್ಲ, ಇರುವುದರಲ್ಲೇ ಹುಡುಕಬೇಕು.

ಮಕ್ಕಳ ಪುಸ್ತಕ ಹುಡುಕುವುದು ಕಷ್ಟ ಯಾಕೆ ಗೊತ್ತಾ? ಮಕ್ಕಳು ಓದಿರುತ್ತಾರೆ! ಬಣ್ಣ ಬಳಿದಿರುತ್ತಾರೆ, ಚಿತ್ರ ಕತ್ತರಿಸಿ ಪ್ರಾಜೆಕ್ಟಿಗೆ ಅಂಟಿಸಿರುತ್ತಾರೆ. ಚೆನ್ನಾಗಿ ಉಳಿದ ಪ್ರತಿ ಸಿಕ್ಕರೆ ನನಗೆ ಸ್ವಲ್ಪ ಬೇಸರವೇ ಆಗುತ್ತದೆ. ಆ ಮನೆಯ ಮಗು ಮುಟ್ಟಲೇ ಇಲ್ಲವೇನೋ ಅಂತ.

ಮೋಸ ಹೋದದ್ದೂ ಇದೆ. ಆನ್‌ಲೈನ್‌ನಲ್ಲಿ ಒಬ್ಬರು ಒಂದು ಹಳೆಯ ಕಾದಂಬರಿಯನ್ನು “ಮೊದಲ ಮುದ್ರಣ” ಅಂತ ಫೋಟೋ ಹಾಕಿ ಮಾರಿದರು. ಬಂದ ಮೇಲೆ ನೋಡಿದರೆ ಮುಖಪುಟ ಮಾತ್ರ ಮೊದಲನೆಯದು, ಒಳಗಿನದು ಮೂರನೇ ಮುದ್ರಣ. ಅಂದಿನಿಂದ ಶೀರ್ಷಿಕೆ ಪುಟದ ಹಿಂಬದಿಯ ಫೋಟೋ ಕಳಿಸದಿದ್ದರೆ ಒಂದು ರೂಪಾಯಿ ಕಳಿಸುವುದಿಲ್ಲ.

ಪಿಡಿಎಫ್ ಪ್ರಿಯ

ಹಿಮದ ಕರಡಿ ನನ್ನ ಹತ್ತಿರವೂ ಇತ್ತು. ಅಣ್ಣ ಹರಿದ. ಎಲ್ಲಿ ಸಿಗುತ್ತದೆ ಅಕ್ಕಾ?

ಗೆದ್ದಲುಹುಳ

ಇನ್ನೊಬ್ಬರು ಹಳ್ಳಕ್ಕೆ ಬಿದ್ದರು. ಸ್ವಾಗತ.

ತಕ್ಕಡಿ ತಮ್ಮಣ್ಣ

ನಾನು 22 ವರ್ಷ ಹಳೇ ಪುಸ್ತಕದ ವ್ಯಾಪಾರ ಮಾಡಿದವನು. ಈಗ ಬಿಟ್ಟಿದ್ದೇನೆ. ನಿಮ್ಮ ಮಾತು ಓದಿ ನಗು ಬಂತು. ನೀವು ಬೇಟೆಗಾರರು ಅಂದುಕೊಂಡಿದ್ದೀರಿ. ಗುಡ್ಡೆ ಮುಂದೆ ಕೂತವರಲ್ಲಿ ಯಾರು ಏನು ಹುಡುಕುತ್ತಿದ್ದಾರೆ ಅಂತ ನಮಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬೇಕಾದ ಪುಸ್ತಕ ಸಿಕ್ಕ ಕೂಡಲೇ ನೀವು ಅದನ್ನು ಕೆಳಗಿಟ್ಟು ಬೇರೆ ಎರಡು ಬೇಡದ ಪುಸ್ತಕ ಎತ್ತಿ ಬೆಲೆ ಕೇಳುತ್ತೀರಿ. ಆಮೇಲೆ “ಇದೂ ಹಾಕಿ” ಅನ್ನುತ್ತೀರಿ. ಎಲ್ಲರೂ ಅದನ್ನೇ ಮಾಡುತ್ತಾರೆ. ನಾವು ಕಾಯುತ್ತಿದ್ದದ್ದೇ ಆ “ಇದೂ” ಅನ್ನುವುದಕ್ಕೆ.

ಆದರೆ ಒಂದು ಹೇಳುತ್ತೇನೆ. ಒಳ್ಳೆಯ ಪುಸ್ತಕ ಬರುತ್ತಿದ್ದದ್ದು ಹೆಚ್ಚಾಗಿ ಸಾವಿನ ಮನೆಯಿಂದ. ವೈಕುಂಠ ಸಮಾರಾಧನೆ ಮುಗಿದ ವಾರ ಫೋನ್ ಬರುತ್ತಿತ್ತು. ಮಕ್ಕಳು ಅಮೆರಿಕಕ್ಕೆ ವಾಪಸ್ ಹೋಗಬೇಕು, ಫ್ಲ್ಯಾಟು ಖಾಲಿ ಮಾಡಬೇಕು, ಆಟೋ ತಂದು ಒಯ್ಯಿರಿ ಅನ್ನುತ್ತಾರೆ. ಒಂದು ಮನೆಯಲ್ಲಿ ಮೇಷ್ಟ್ರು ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಆ ದಿನ ಮಳೆಯೋ ಬಿಸಿಲೋ ಅಂತ ಬರೆದಿದ್ದರು. ಎರಡು ಸಾವಿರ ಪುಸ್ತಕ. ಅವನ್ನು ಬಿಡಿ ಬಿಡಿಯಾಗಿ ಮಾರಿದ್ದು ನಾನೇ. ಇಂದಿಗೂ ಚುಚ್ಚುತ್ತದೆ. ಏನು ಮಾಡುವುದು, ಅಷ್ಟನ್ನೂ ಒಟ್ಟಿಗೆ ಕೊಳ್ಳುವವರು ಬರಲಿಲ್ಲ.

ಅವೆನ್ಯೂ ಅಲೆಮಾರಿ

ತಮ್ಮಣ್ಣ, ಅವರ ಪುಸ್ತಕ ಒಂದು ನನ್ನ ಹತ್ತಿರ ಇದೆ ಅನ್ನಿಸುತ್ತಿದೆ. ಕೊನೆಯ ಪುಟದಲ್ಲಿ “ಬಳೇಪೇಟೆ, ಎರಡೂವರೆ ರೂಪಾಯಿ, ತುಂತುರು” ಅಂತಿದೆ. ಅಕ್ಷರ ಸ್ವಲ್ಪ ಎಡಕ್ಕೆ ವಾಲಿದೆ.

ತಕ್ಕಡಿ ತಮ್ಮಣ್ಣ

ವಾಲಿದ ಅಕ್ಷರ ಅಂದ್ರೆ ಅವರೇ. ಜೋಪಾನ ಮಾಡಿ.

ಜರ್ಸಿ ಜಯಣ್ಣ (ನ್ಯೂಜೆರ್ಸಿ)

ತಮ್ಮಣ್ಣನವರೇ, “ಅಮೆರಿಕಕ್ಕೆ ವಾಪಸ್ ಹೋಗಬೇಕಾದ ಮಕ್ಕಳಲ್ಲಿ” ನಾನೂ ಒಬ್ಬ. ಅಪ್ಪನ ಪುಸ್ತಕ ನಾನೂ ಆಟೋಗೆ ಹಾಕಿ ಕಳಿಸಿದೆ. ಈಗ ಪ್ರತಿ ಸಲ ಬಂದಾಗ ಅವನ್ನೇ ಹುಡುಕುತ್ತೇನೆ. ಅಪ್ಪ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡಿದ್ದರು, 51ನೇ ಪುಟದಲ್ಲಿ ಒತ್ತುತ್ತಿದ್ದರು. ಮೊದಲ ಪುಟ ಹರಿದು ಮಾರಿದರೂ ಗೊತ್ತಾಗಲಿ ಅಂತ. ಹಾಗಾಗಿ ಯಾವ ಹಳೇ ಪುಸ್ತಕ ಎತ್ತಿದರೂ ಕೈ ಮೊದಲು 51ನೇ ಪುಟಕ್ಕೆ ಹೋಗುತ್ತದೆ. ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್‌ನಲ್ಲಿ (1945ರ ಅಂಗಡಿ ಅದು), ಚರ್ಚ್ ಸ್ಟ್ರೀಟಿನಲ್ಲಿ, ಗಾಂಧಿ ಬಜಾರಿನಲ್ಲಿ, ಎಲ್ಲಾ ಕಡೆ. ಇದುವರೆಗೆ ಎರಡು ಸಿಕ್ಕಿವೆ. ಎರಡಕ್ಕೂ ನಾನು ಮಾರಿದ್ದಕ್ಕಿಂತ ಇಪ್ಪತ್ತು ಪಟ್ಟು ಕೊಟ್ಟಿದ್ದೇನೆ.

23 ಕಿಲೋದ ಎರಡು ಸೂಟ್‌ಕೇಸ್. ಒಂದು ಸಾರಿನ ಪುಡಿಗೆ, ಒಂದು ಪುಸ್ತಕಕ್ಕೆ. ಹೋದ ಸಲ ಸಾರಿನ ಪುಡಿ ಒಡೆದು ಎಲ್ಲ ಪುಸ್ತಕಕ್ಕೂ ಇಂಗಿನ ವಾಸನೆ. ಹಾಗೇ ಬಿಟ್ಟಿದ್ದೇನೆ.

ಹೊಸಬ

ನಾನು ಈಗಷ್ಟೇ ಶುರು ಮಾಡಿದ್ದೇನೆ. ಹುಳ ಬಿದ್ದ ಪುಸ್ತಕ ತಂದರೆ ಮನೆಯಲ್ಲಿರುವುದಕ್ಕೂ ಬರುತ್ತದಾ? ಹರಿದದ್ದಕ್ಕೆ ಸೆಲ್ಲೋಟೇಪ್ ಹಾಕಬಹುದಾ?

ಗೆದ್ದಲುಹುಳ

ಬರುತ್ತದೆ. ಹೆಸರು ನೋಡಿ ನಗಬೇಡಿ, ಅನುಭವ ಇರುವುದಕ್ಕೇ ಈ ಹೆಸರು. ಹೊಸದಾಗಿ ತಂದ ಪುಸ್ತಕವನ್ನು ಹದಿನೈದು ದಿನ ಬೇರೆ ಇಡಿ. ಹುಳ ಕಂಡರೆ ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ ಒಂದೆರಡು ವಾರ ಇಟ್ಟುಬಿಡಿ. ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಹೊರಗಿನ ಬಿಸಿಗೆ ಬರುವವರೆಗೆ ಬಿಡಿ. ಇಲ್ಲದಿದ್ದರೆ ನೀರು ಕೂರುತ್ತದೆ. ಮನೆಯವರಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ.

ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ. ನಾಲ್ಕು ವರ್ಷಕ್ಕೆ ಟೇಪ್ ಉದುರುತ್ತದೆ, ಅಂಟು ಕಾಗದದ ಒಳಗೆ ಇಳಿದು ಕಂದು ಕಲೆ ಉಳಿಯುತ್ತದೆ. ತೆಳು ಟಿಶ್ಯೂ ಕಾಗದ, ಗಂಜಿಯ ಅಂಟು ಸಾಕು. ಹಳೇ ಬೈಂಡಿಂಗಿನವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಬರಬಾರದು ಅಂತ. ಅದು ವಿಷ, ಮನೆಯಲ್ಲಿ ಮಾಡಲು ಹೋಗಬೇಡಿ.

ವಾರಪತ್ರಿಕೆ ಕಾಗದ ಅಂದರೆ ಅಗ್ಗದ ಕಾಗದ. ಬೆಳಕು ಬಿದ್ದಷ್ಟೂ ಹಳದಿಯಾಗಿ ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಅಲೆಮಾರಿಯವರೇ, ನಿಮ್ಮ ನೀಲಿ ಸೀರೆ ಪುಸ್ತಕವನ್ನು ಕಿಟಕಿಯಿಂದ ದೂರ ಇಡಿ.

ಹೊಸಬ

ಎಷ್ಟು ಪುಸ್ತಕ ಆದರೆ ಸಾಕು ಅನ್ನಿಸುತ್ತದೆ?

ಕುಡ್ಲದ ಕಾಗದ

ಪಾಂಡವಪುರದ ಹತ್ತಿರ ಹರಳಹಳ್ಳಿಗೆ ಹೋಗಿ ಅಂಕೇಗೌಡರ ಪುಸ್ತಕ ಮನೆ ನೋಡಿ ಬನ್ನಿ. ಮೊದಲು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಸಂಬಳವನ್ನು ಪುಸ್ತಕಕ್ಕೇ ಸುರಿದು ಲಕ್ಷಗಟ್ಟಲೆ ಸೇರಿಸಿದ್ದಾರೆ. ನೋಡಿ ಬಂದ ಮೇಲೆ ಹೆಂಡತಿಯ ಮುಂದೆ ಧೈರ್ಯವಾಗಿ ಹೇಳಿದೆ, ನನ್ನದೇನೂ ಜಾಸ್ತಿ ಇಲ್ಲ ಅಂತ.

ರದ್ದಿ ರಾಯರು (ಮೂರು ತಿಂಗಳ ನಂತರ)

ಗದಗಿಗೆ ಹೋಗಿದ್ದೆ. ಕೀಲಿ ಮುರಿಸಿದೆ. ಒಂದು ಟ್ರಂಕಿನಲ್ಲಿ ಹಿತ್ತಾಳೆ ಪಾತ್ರೆ. ಇನ್ನೊಂದರಲ್ಲಿ ‘ಸುಧಾ’, ‘ಮಯೂರ’, ‘ಕಸ್ತೂರಿ’, ಮೇಲೆ ಬೇವಿನ ಸೊಪ್ಪು ಹಾಕಿ ಇಟ್ಟಿದ್ದಾರೆ. ಸೊಪ್ಪು ಪುಡಿಯಾಗಿದೆ, ಪುಸ್ತಕ ಗಟ್ಟಿ ಇವೆ. ಅಲೆಮಾರಿಯವರೇ, ನಿಮ್ಮ 14 ಸಿಕ್ಕಿತು! 19 ಇಲ್ಲ. ಸ್ಪೀಡ್ ಪೋಸ್ಟಿನಲ್ಲಿ ಹಾಕಿದ್ದೇನೆ. ಆದರೆ ಒಂದು ಕರಾರು. ಇಡೀ ಸಂಚಿಕೆ ಇದೆ, ಒಂದು ಪುಟವೂ ಹರಿದಿಲ್ಲ. ಕತ್ತರಿ ಹಾಕಬ್ಯಾಡ್ರಿ.

ಅವೆನ್ಯೂ ಅಲೆಮಾರಿ

ಬಂತು ರಾಯರೇ. ಕೈ ನಡುಗುತ್ತಿತ್ತು.

ಆದರೆ ದೊಡ್ಡ ಫಜೀತಿಗೆ ಸಿಕ್ಕಿಸಿದಿರಿ. ಒಂದು ಕಡೆ ಈ ಪುಸ್ತಕ ಹೊಲಿದಾಕೆ ಬಿಟ್ಟ ನಾಲ್ಕು ಖಾಲಿ ಹಾಳೆ. ಅಷ್ಟೇ ಪುಟ, ಸರಿಯಾಗಿ ಅಲ್ಲಿಗೇ ಅಂತ. ಇನ್ನೊಂದು ಕಡೆ ಒಂದೂ ಪುಟ ಹೋಗದ ಸಂಚಿಕೆ. ಕತ್ತರಿಸಿದರೆ ಒಂದು ಪೂರ್ತಿಯಾಗಿ ಇನ್ನೊಂದು ಹಾಳಾಗುತ್ತದೆ.

ಸೊಸೆಮುದ್ದು

ಕತ್ತರಿಸಿ. ಆಕೆ ಕಾಯುತ್ತಿದ್ದದ್ದು ಅದಕ್ಕೇ.

ಗೆದ್ದಲುಹುಳ

ಬೇಡ. ಜೆರಾಕ್ಸ್ ಮಾಡಿ ಅಂಟಿಸಿ.

ಪಿಡಿಎಫ್ ಪ್ರಿಯ

ಸ್ಕ್ಯಾನ್ ಮಾಡಿ ಅಂತ ನಾನು ಹೇಳಿದರೆ ಹೊಡೆಯುತ್ತೀರಿ.

ಅವೆನ್ಯೂ ಅಲೆಮಾರಿ

ಸ್ಕ್ಯಾನ್ ಮಾಡಿದೆ, ಬೈಯಬೇಡಿ. ಅಂಟಿಸಲಿಲ್ಲ, ಕತ್ತರಿಸಲೂ ಇಲ್ಲ. ಸಂಚಿಕೆಯನ್ನು ಹಾಗೇ ಆ ನಾಲ್ಕು ಹಾಳೆಗಳ ನಡುವೆ ಇಟ್ಟಿದ್ದೇನೆ. ಈಗ ಪುಸ್ತಕ ಮುಚ್ಚುವುದಿಲ್ಲ, ಬಾಯಿ ತೆರೆದುಕೊಂಡೇ ಇರುತ್ತದೆ. ಹತ್ತಿ ದಾರದಲ್ಲಿ ಕಟ್ಟಿ ಇಟ್ಟಿದ್ದೇನೆ. ಪೆನ್ಸಿಲ್ ಬರಹವನ್ನು ಅಳಿಸಿಲ್ಲ.

ತಕ್ಕಡಿ ತಮ್ಮಣ್ಣ

ಅಂತೂ ಪಕ್ಕದ ಮನೆಯವರು ವಾಪಸ್ ಕೊಟ್ಟರು ಅನ್ನಿ.

ಅವೆನ್ಯೂ ಅಲೆಮಾರಿ

ಗದಗಿನ ಪಕ್ಕದ ಮನೆಯವರು! 19 ಇನ್ನೂ ಬೇಕು, ಮರೆಯಬೇಡಿ. ಅದಕ್ಕೆ ಆಕೆ ಖಾಲಿ ಹಾಳೆ ಬಿಟ್ಟಿಲ್ಲ, ಬರೆದೂ ಇಲ್ಲ. 18 ಆದ ಮೇಲೆ ನೇರ 20. ಆ ವಾರ ಮನೆಯಲ್ಲಿ ಏನೋ ಆಗಿರಬೇಕು.

ಹೊಸಬ

ಸರ್, ಮಗಳ ಗಣಿತದ ಗೈಡ್ ಸಿಕ್ತಾ?

ಅವೆನ್ಯೂ ಅಲೆಮಾರಿ

ಪರೀಕ್ಷೆಯೇ ಮುಗಿಯಿತು.